ನೀರು ಬೇಡವೆಂದ ಸಿಸ್ಟರಮ್ಮ

ಸಿಸ್ಟರಮ್ಮ ಟೀ ಲೋಟ ಹಿಡಿಯುತ್ತಿದ್ದುದೇ ಒಂದು ಬಗೆ. ಎಡಗೈಯ ಹೆಬ್ಬೆರಳೂ ತೋರುಬೆರಳೂ ಲೋಟದ ಕಂಠವನ್ನು ಸುತ್ತಿರುತ್ತಿದ್ದವು. ಮಿಕ್ಕ ಮೂರು ಬೆರಳು ಕೆಳಗಡೆ ಕೊಕ್ಕೆಯಂತೆ ಬಾಗಿ, ಅಲ್ಲಿಲ್ಲದ ಯಾರದೋ ದವಡೆಯನ್ನು ಎತ್ತಿ ಹಿಡಿದಿರುತ್ತಿದ್ದವು. ಕಿರುಬೆರಳಂತೂ ಗಿಣ್ಣಿನ ಹತ್ತಿರ ಸೊಟ್ಟಗಾಗಿ ಹೋಗಿತ್ತು. ವರ್ಷಗಟ್ಟಲೆ ಆಂಬುಲೆನ್ಸಿನಲ್ಲಿ ಪ್ರಜ್ಞೆ ತಪ್ಪಿದವರ ಮೂಗು ಬಾಯಿಗೆ ಮಾಸ್ಕ್ ಒತ್ತಿ, ದವಡೆ ಎತ್ತಿ ಹಿಡಿದೂ ಹಿಡಿದೂ ಆ ಕೈ ಹಾಗೆಯೇ ನಿಂತುಬಿಟ್ಟಿತ್ತು. ಕೊಳ್ಳೇಗಾಲದಲ್ಲಿ ನಾವು ಗಾಡಿ ನಿಲ್ಲಿಸುತ್ತಿದ್ದ ಕಡೆ ಒಬ್ಬ ಟೀ ಅಂಗಡಿಯವನಿದ್ದ. "ಏನ್ ಸಿಸ್ಟರಮ್ಮ, ಲೋಟ ಉಸಿರಾಡ್ತಾ ಅದಾ?" ಎಂದು ಕೇಳುತ್ತಿದ್ದ. "ನಿನ್ ಟೀ ತುಂಬ್ಕಂಡ ಮ್ಯಾಲೆ ಯಾವ್ದ್ಲಾ ಉಸಿರಾಡ್ತದೆ?" ಎಂದು ಇವರು ಉತ್ತರ ಕೊಡುತ್ತಿದ್ದರು. ದಿನಾ ಅದೇ ಪ್ರಶ್ನೆ, ದಿನಾ ಅದೇ ಉತ್ತರ, ದಿನಾ ಇಬ್ಬರೂ ಹೊಸದಾಗಿ ನಗುತ್ತಿದ್ದರು.

ಅವರಿಗೊಂದು ಹೆಸರು ಇದ್ದೇ ಇತ್ತು. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಆ ಹೆಸರಿನಲ್ಲಿ ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ಆಂಬುಲೆನ್ಸ್ ಸಿಸ್ಟರಮ್ಮ. ಕುಳ್ಳು ಮೈ, ಬಿಗಿಯಾಗಿ ಕಟ್ಟಿದ ತುರುಬು, ಯೂನಿಫಾರಂ ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ಹುರಿಗಡಲೆ. ನಾನು ಮಾಂಬಳ್ಳಿಯವಳು. ನರ್ಸಿಂಗ್ ಓದಿ ಆಂಬುಲೆನ್ಸ್ ಕೆಲಸಕ್ಕೆ ಸೇರಿದಾಗ ಕಲಿಯಲೆಂದು ನನ್ನನ್ನು ಅವರ ಗಾಡಿಗೆ ಹಾಕಿದರು. ಗಾಡಿಯಲ್ಲಿ ನಾವು ಮೂವರು, ಸಿಸ್ಟರಮ್ಮ, ನಾನು ಮತ್ತು ಡ್ರೈವರಣ್ಣ. ಡ್ರೈವರಣ್ಣ ಮುಳ್ಳೂರಿನವರು, ಊಟವಾದ ಮೇಲೆ ಕೂತಲ್ಲೇ ನಿದ್ದೆ ಹೋಗುವ ಭಾಗ್ಯವಂತರು.

ಸಿಸ್ಟರಮ್ಮ ನನಗೆ ಮೊದಲ ಪಾಠ ಹೇಳಿದ್ದು ಈ ಡ್ರೈವರಣ್ಣನ ಗೊರಕೆಯ ಮೇಲೆ. ಒಂದು ಮಧ್ಯಾಹ್ನ ಅವರು ಸೀಟಿಗೆ ಒರಗಿ, ಗದ್ದ ಎದೆಗಿಟ್ಟುಕೊಂಡು, ಗಾಡಿಯ ಇಂಜಿನ್ನೇ ನಾಚುವ ಹಾಗೆ ಗೊರಕೆ ಹೊಡೆಯುತ್ತಿದ್ದರು. ಸಿಸ್ಟರಮ್ಮ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಅವರ ಹಣೆಯ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಗದ್ದವನ್ನು ಮೆಲ್ಲಗೆ ಮೇಲಕ್ಕೆತ್ತಿದರು. ಗೊರಕೆ ನಿಂತುಹೋಯಿತು. ಗದ್ದ ಬಿಟ್ಟರು, ಮತ್ತೆ ಶುರುವಾಯಿತು. ಎತ್ತಿದರು, ನಿಂತಿತು.

"ಕೇಳುಸ್ಕಂಡ್ಯಾ? ಗೊರ್ಕೆ ಅಂದ್ರೆ ನಾಲ್ಗೆ ಇಂದಕ್ಕೆ ಬಿದ್ದು ದಾರಿ ಕಟ್ಟದೆ ಅಂತ. ಇವ್ರು ಎಬ್ಬುಸಿದ್ರೆ ಏಳ್ತಾರೆ. ಜ್ಞಾನ ತಪ್ಪಿದೋರು ಏಳಕಿಲ್ಲ. 'ಗೊರ್ಕೆ ಹೊಡೀತಾವ್ರೆ, ನಿದ್ದೆ ಮಾಡ್ಲಿ ಬುಡಿ' ಅಂತ ಮನೇರು ಅಂದ್ರೆ ನೀನು ಓಡ್ಬೇಕು ಕಣಮ್ಮಿ. ಮೊದ್ಲು ದಾರಿ, ಆಮೇಲೆ ಗಾಳಿ."

ಡ್ರೈವರಣ್ಣ ಕಣ್ಣು ಬಿಡದೆಯೇ, "ನನ್ ಗದ್ದ ಏನ್ ಸ್ಕೂಲಾ?" ಎಂದರು.

ಈ ಪಾಠ ಗಾಡಿಗೆ ಮಾತ್ರ ಸೀಮಿತವಾಗಿದ್ದರೆ ಚೆನ್ನಾಗಿತ್ತು. ಯಳಂದೂರಿನ ಒಂದು ಮದುವೆಯಲ್ಲಿ, ಊಟದ ಪಂಕ್ತಿಗೆ ಕಾಯುತ್ತ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ ಹೆಣ್ಣಿನ ಕಡೆಯ ಹಿರಿಯರೊಬ್ಬರ ಗದ್ದವನ್ನು ಸಿಸ್ಟರಮ್ಮ ಹೋಗಿ ಎತ್ತಿಬಿಟ್ಟರು. ಅವರು ಬೆಚ್ಚಿ ಎದ್ದು, "ಯಾರಮ್ಮಾ ನೀನು, ನನ್ ಮೀಸೆ ಯಾಕ್ ಇಡ್ಕಂಡೆ?" ಎಂದು ರಂಪ ಮಾಡಿದರು. ನಾನು ಕಂಬದ ಮರೆಗೆ ಹೋಗಿ ನಿಂತೆ. ಸಿಸ್ಟರಮ್ಮ ಮಾತ್ರ, "ಸರಿಯಾಗ್ ಉಸಿರಾಡ್ತಾವ್ರೆ ಬುಡು" ಎಂದು ನೆಮ್ಮದಿಯಿಂದ ಊಟಕ್ಕೆ ಕೂತರು.

ನನಗೆ ಆ ದಿನಗಳಲ್ಲಿ ನೆಮ್ಮದಿ ಇರಲಿಲ್ಲ. ನನ್ನ ಕೈ ಸಣ್ಣದು. ಉಸಿರು ನಿಂತವರಿಗೆ ಮಾಸ್ಕನ್ನು ಒಂದು ಕೈಯಲ್ಲಿ ಮುಖಕ್ಕೆ ಒತ್ತಿ ಹಿಡಿದು, ಅದಕ್ಕೆ ಸೇರಿಸಿದ ರಬ್ಬರಿನ ಚೀಲವನ್ನು ಇನ್ನೊಂದು ಕೈಯಿಂದ ಒತ್ತಬೇಕು. ಆಗ ಗಾಳಿ ಎದೆಗೆ ಹೋಗುತ್ತದೆ. ಅದರ ಹೆಸರು ಆಂಬು ಬ್ಯಾಗ್, ನಮ್ಮ ಹಳ್ಳಿಗಳಲ್ಲಿ ಬಲೂನು. ಕಲಿಯುವ ಗೊಂಬೆಯ ಮುಖದ ಮೇಲೆ ನಾನು ಮಾಸ್ಕಿನ ಒಂದು ಅಂಚು ಒತ್ತಿದರೆ ಇನ್ನೊಂದು ಅಂಚಿನಿಂದ ಗಾಳಿ ಪುಸ್ಸೆಂದು ಆಚೆ ಬರುತ್ತಿತ್ತು. ಗೊಂಬೆಯ ಎದೆ ಏಳುತ್ತಲೇ ಇರಲಿಲ್ಲ. ಗೊಂಬೆಯನ್ನೇ ಬದುಕಿಸಲಾಗದವಳು ಮನುಷ್ಯರನ್ನು ಏನು ಬದುಕಿಸುತ್ತೇನೆ ಎಂದು ಅಳು ಬಂತು. ಈ ಕೆಲಸ ಬಿಟ್ಟು ಯಾವುದಾದರೂ ವಾರ್ಡಿನಲ್ಲಿ ನರ್ಸಾಗಿ ಸೇರಿಕೊಳ್ಳುತ್ತೇನೆ ಎಂದು ಅವರಿಗೆ ಹೇಳಿಯೂ ಬಿಟ್ಟೆ.

ಸಿಸ್ಟರಮ್ಮ ಹುರಿಗಡಲೆ ಅಗಿಯುತ್ತ ಕೇಳಿಸಿಕೊಂಡರು. "ಒಂದ್ ಕೈಲಿ ಆಗ್ದಿದ್ರೆ ಎಲ್ಡ್ ಕೈಲಿ ಇಡ್ಕೊ."

"ಎರಡೂ ಕೈ ಮಾಸ್ಕಿಗೆ ಹೋದ್ರೆ ಬಲೂನು ಒತ್ತೋರು ಯಾರು ಸಿಸ್ಟರಮ್ಮ?"

"ನಮ್ ಸೀಮೇಲಿ ಆಂಬುಲೆನ್ಸಿಗೆ ಒಬ್ರೇ ಏರಿದ್ನ ಎಂದಾರ ನೋಡಿದ್ದೀಯಾ? ಬುಟ್ರೆ ಇಡೀ ಬೀದಿ ಏರ್ತದೆ. ಅವ್ರಿಗೆಲ್ಲ ಕೈ ಇಲ್ವಾ?"

ಆಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ತಮಾಷೆ ಮಾಡುತ್ತಿರಲಿಲ್ಲ.

ಇಲ್ಲಿ ಚೊಂಬಿನ ವಿಷಯ ಹೇಳಬೇಕು. ನಮ್ಮ ಕಡೆ ಯಾರಾದರೂ ಕುಸಿದು ಬಿದ್ದರೆ ಮೊದಲು ಓಡಿ ಬರುವುದು ನೀರಿನ ಚೊಂಬು. ಮುಖಕ್ಕೆ ಎರಚಿ ಸುಮ್ಮನಾದರೆ ಚಿಂತೆಯಿಲ್ಲ, ಬಾಯಿ ಬಿಡಿಸಿ ಒಳಕ್ಕೆ ಸುರಿಯುತ್ತಾರೆ. ಒಂದು ಗುಟುಕು ನೀರು ಹೋದರೆ ಜೀವ ನಿಲ್ಲುತ್ತದೆ ಅನ್ನುವುದು ನಂಬಿಕೆ. ಅಕಸ್ಮಾತ್ ಹೋಗುವ ಜೀವವಾದರೆ ಬಾಯಿಗೆ ನೀರು ಬಿಡದೆ ಕಳಿಸಿದ ಪಾಪ ಬೇಡ ಅನ್ನುವುದು ಇನ್ನೊಂದು ನಂಬಿಕೆ. ಎರಡಕ್ಕೂ ಒಂದೇ ಚೊಂಬು. ಆದರೆ ಜ್ಞಾನ ತಪ್ಪಿದವರಿಗೆ ನುಂಗಲು ಬರುವುದಿಲ್ಲ. ಆ ನೀರು ಹೊಟ್ಟೆಯ ಬದಲು ಉಸಿರಿನ ದಾರಿಗೆ ಇಳಿಯುತ್ತದೆ. ಉಳಿಯಬಹುದಾಗಿದ್ದವರು ಮನೆಯವರ ಪ್ರೀತಿಯಿಂದಲೇ ಉಸಿರು ಕಟ್ಟಿಕೊಳ್ಳುತ್ತಾರೆ.

ಚೊಂಬು ಕಂಡರೆ ನನಗೆ ನಖಶಿಖಾಂತ ಉರಿದುಹೋಗುತ್ತಿತ್ತು. "ಬುದ್ಧಿ ಇಲ್ವಾ ನಿಮ್ಗೆ!" ಎಂದು ಕಿರುಚುತ್ತಿದ್ದೆ. ಕಿರುಚಿದಷ್ಟೂ ಜನ ನನ್ನ ಬೆನ್ನ ಹಿಂದೆ ಇನ್ನೊಂದು ಚೊಂಬು ತರುತ್ತಿದ್ದರು. ಸಿಸ್ಟರಮ್ಮ ಕಿರುಚುತ್ತಿರಲಿಲ್ಲ. "ಕೊಡಿ ಇಲ್ಲಿ" ಎಂದು ಚೊಂಬನ್ನು ಗೌರವದಿಂದಲೇ ಇಸಿದುಕೊಂಡು, ಮರುಗಳಿಗೆ ಅದೇ ಕೈಗೆ ಏನಾದರೊಂದು ಕೆಲಸ ಕೊಡುತ್ತಿದ್ದರು. ಕಾಲು ಹಿಡಿದುಕೊಳ್ಳಿ, ಈ ಬಾಟಲಿ ಎತ್ತಿ ಹಿಡಿಯಿರಿ, ಈ ಬಲೂನು ನಾನು ಹೇಳಿದ ಹಾಗೆ ಒತ್ತಿರಿ.

"ಬರೀಗೈಲಿ ನಿಂತ್ಕಂಡು ಸಾಯೋರ್ನ ನೋಡಕಾಗಲ್ಲ ಕಣಮ್ಮಿ, ಅದ್ಕೇ ನೀರು ತತ್ತಾರೆ. ಕೈಗೆ ಬ್ಯಾರೆ ಕೆಲ್ಸ ಕೊಡು, ನೀರ ಮರ್ತೋಯ್ತಾರೆ."

ಇಸಿದುಕೊಂಡ ಚೊಂಬು ಮಾತ್ರ ಎಲ್ಲೂ ಹೋಗುತ್ತಿರಲಿಲ್ಲ. ಆಸ್ಪತ್ರೆ ತಲುಪಿ ರೋಗಿಯನ್ನು ಒಳಗೆ ಒಪ್ಪಿಸಿದ ಮೇಲೆ, ಅದನ್ನು ತಂದವರ ಕೈಗೇ ವಾಪಸು ಕೊಟ್ಟು, "ಈಗ ನೀವು ಕುಡೀರಿ" ಅನ್ನುತ್ತಿದ್ದರು. ಆಗಲೇ ಅವರಿಗೆ ತಮ್ಮ ಗಂಟಲೂ ಒಣಗಿದೆ ಅನ್ನುವುದು ಗೊತ್ತಾಗುತ್ತಿದ್ದುದು.

ಮನೆಯಲ್ಲೂ ಅವರದು ಇದೇ ಕಾನೂನು. ಯಳಂದೂರಿನ ಅವರ ಮನೆಗೆ ನಾನು ಆಗಾಗ ಉಪ್ಸಾರು ಮುದ್ದೆ ಉಣ್ಣಲು ಹೋಗುತ್ತಿದ್ದೆ. ಅವರ ಯಜಮಾನರು ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದವರು, ಸಾಧು ಮನುಷ್ಯ. ನಾನು ಅವರನ್ನು ಅಪ್ಪಾಜಿ ಅನ್ನುತ್ತಿದ್ದೆ. ಹಿಂದೊಮ್ಮೆ ಪಕ್ಕದ ಮನೆಯಲ್ಲಿ ಯಾರೋ ತಲೆ ಸುತ್ತಿ ಬಿದ್ದಾಗ ಅಪ್ಪಾಜಿ ಚೊಂಬು ಹಿಡಿದು ಓಡಿದ್ದರಂತೆ. ಅದನ್ನು ಹೆಂಡತಿ ಬದುಕಿರುವ ತನಕ ಎತ್ತಿ ಆಡಿದರು. ಒಂದು ಸಲ ಊಟದ ನಡುವೆ ನನಗೆ ಹೇಳಿದರು: "ನನ್ ಬಾಯ್ಗೆ ಕಡೇ ನೀರು ಬುಡೋವಾಗ ನೀನಿರ್ಬೇಕು ಕಣಮ್ಮಿ. ಇಲ್ದಿದ್ರೆ ಈ ಮಾರಾಯ ಚೊಂಬೇ ಸುರ್ದುಬುಡ್ತನೆ."

ಅಪ್ಪಾಜಿ ಉಪ್ಸಾರು ಬಡಿಸುತ್ತ, "ನಿಮ್ಮಮ್ಮಂಗೆ ನೀರಲ್ಲ, ಸಾರು ಬುಡ್ತೀನಿ. ಉಪ್ಪು ಕಮ್ಮಿ ಅಂತ ಬೈಯಕಾದ್ರೂ ಎದ್ದು ಕೂತ್ಕತಳೆ" ಎಂದರು. ನಗುನಗುತ್ತ ನನಗೆ ನೆತ್ತಿಗೆ ಹತ್ತಿತು. ಸಿಸ್ಟರಮ್ಮ ಬೆನ್ನು ಚಪ್ಪರಿಸಿದರೇ ಹೊರತು ನೀರು ಕೊಡಲಿಲ್ಲ.

ನಾನು ಈ ಕೆಲಸದಲ್ಲಿ ಉಳಿದದ್ದು ಒಂದು ಬೆಳಗಿನ ಘಟನೆಯಿಂದ. ನಮ್ಮ ಗಾಡಿ ಆಗ ಮಾದೇಶ್ವರ ಬೆಟ್ಟದ ಕಡೆ ಇತ್ತು. ಗೋಪಿನಾಥಂ ಕಡೆಯಿಂದ ಕರೆ ಬಂತು. ಮೇಕೆಗೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸಿಗೆ ಹಾವು ಕಚ್ಚಿದೆ. ಅತ್ತ ಬಸ್ಸು ಕಮ್ಮಿ. ಮನೆಯವರು ಯಾರದೋ ಜೀಪಿನಲ್ಲಿ ಹಾಕಿಕೊಂಡು ಹೊರಟಿದ್ದರು, ಇತ್ತ ನಾವು ಹೊರಟೆವು, ಕಾಡಿನ ದಾರಿಯಲ್ಲಿ ಎದುರುಬದುರಾದೆವು. ಜೀಪಿನಲ್ಲಿ ಆ ಹೆಂಗಸು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ರೆಪ್ಪೆಗಳು ಬಿದ್ದುಹೋಗಿದ್ದವು, ಕಟಬಾಯಿಯಲ್ಲಿ ಜೊಲ್ಲು ಇಳಿಯುತ್ತಿತ್ತು. ಅತ್ತೆಯ ಕೈಯಲ್ಲಿ ಹಿತ್ತಾಳೆ ಚೊಂಬು.

"ತಣ್ಣಿ ಕುಡ್ಸಣ ಅಂದ್ರೆ ನುಂಗ್ತಾನೇ ಇಲ್ಲ ಅಮ್ಮಾ" ಎಂದು ಅತ್ತೆ ಅರ್ಧ ತಮಿಳಿನಲ್ಲಿ ಹೇಳಿದರು. "ಗೊರ್ಕೆ ಹೊಡೀತಾ ಅವ್ಳೆ. ಸುಸ್ತಾಗಿ ನಿದ್ದೆ ಬಂದದೆ, ಪಾಪ."

ಗೊರಕೆ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಜೀಪಿಗೆ ಹಾರಿದ್ದೆ. ತಲೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿದೆ, ಗೊರಕೆ ನಿಂತಿತು. ಆದರೆ ಉಸಿರು ಇರುವೆಯಷ್ಟು. ವಿಷ ನರಗಳಿಗೆ ಏರಿ, ಉಸಿರೆಳೆಯುವ ಶಕ್ತಿಯೇ ಹೋಗುತ್ತಿತ್ತು. ಗಾಡಿಗೆ ಹಾಕಿಕೊಂಡು ಬಲೂನು ಒತ್ತುತ್ತಲೇ ಬೆಟ್ಟದ ಆಸ್ಪತ್ರೆಗೆ ಬಂದೆವು. ಅಲ್ಲಿನ ಡಾಕ್ಟರು ಹಾವಿನ ವಿಷಕ್ಕೆ ಔಷಧಿ ಶುರು ಮಾಡಿ, ಡ್ರಿಪ್ ಸಮೇತ ಕೊಳ್ಳೇಗಾಲಕ್ಕೆ ಕಳಿಸಿದರು. ಉಸಿರಾಟದ ಯಂತ್ರ ಇದ್ದದ್ದು ಅಲ್ಲಿ. ಔಷಧಿ ಕೆಲಸ ಮಾಡುವ ತನಕ, ಯಂತ್ರ ಸಿಗುವ ತನಕ, ಅವಳ ಉಸಿರು ನಮ್ಮ ಕೈಯಲ್ಲಿ.

ಬೆಟ್ಟ ಇಳಿಯುವ ತಿರುವುಗಳಲ್ಲಿ ಅದು ಸುಲಭವಾಗಿರಲಿಲ್ಲ. ಜೊಲ್ಲು ಬಾಯಲ್ಲಿ ತುಂಬುತ್ತಲೇ ಇತ್ತು. ಅದನ್ನು ಮೆಷಿನ್ನಿನಿಂದ ಎಳೆದು ತೆಗೆಯಲು ಒಬ್ಬರು ಬೇಕು, ಮಾಸ್ಕಿಗೆ ಒಬ್ಬರು, ಬಲೂನಿಗೆ ಒಬ್ಬರು. ಅತ್ತೆಯೋ, ಗಾಡಿ ಹತ್ತುವಾಗಲೂ ಚೊಂಬು ಬಿಟ್ಟಿರಲಿಲ್ಲ. ಸಂದು ಸಿಕ್ಕಿದರೆ ಒಂದು ಗುಟುಕು ಬಿಡೋಣ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದರು. ಸಿಸ್ಟರಮ್ಮ ಚೊಂಬು ಇಸಿದುಕೊಂಡು ಸೀಟಿನ ಮೂಲೆಗೆ ಭದ್ರವಾಗಿಟ್ಟು, ಬಲೂನನ್ನು ಅತ್ತೆಯ ಕೈಗೆ ಇಟ್ಟರು.

"ನಿಮ್ ಸೊಸೆ ಉಸ್ರು ಇದ್ರಲ್ಲದೆ. ನನ್ ಮೊಕ ನೋಡಿ. ನಾ ತಲೆ ಆಡ್ಸಿದಾಗ ಒತ್ತಿ. ಒತ್ತಿ... ಬುಡಿ, ಬುಡಿ, ಬುಡಿ. ಆಂ, ಮತ್ತೆ ಒತ್ತಿ. ಬಟ್ಟೆ ಇಂಡ್ದಂಗಲ್ಲ, ಮೆಲ್ಲಕೆ. ಎದೆ ಏಳ್ಬೇಕು, ಒಟ್ಟೆ ಏಳ್ಬಾರ್ದು."

ನಾನು ಎರಡೂ ಕೈಯಲ್ಲಿ ಮಾಸ್ಕ್ ಹಿಡಿದೆ. ಅತ್ತೆ ಒತ್ತಿದರು. ಸೊಸೆಯ ಎದೆ ಎದ್ದಿತು. ಅದನ್ನು ಕಂಡು ಆ ಮುದುಕಿಯ ಬಾಯಿ ತೆರೆದುಕೊಂಡಿತು. ಸ್ವಲ್ಪ ಹೊತ್ತಿಗೆ ಭಯ ಮತ್ತೆ ಹತ್ತಿಕೊಂಡು, "ಅಯ್ಯೋ ಬುಟ್ಟೋದ್ಯಲ್ಲವ್ವಾ" ಎಂದು ಹಾಡಿಕೊಂಡು ಅಳಲು ಶುರುಮಾಡಿದರು.

"ಅವಳ್ಗೆ ಕೇಳ್ತಾ ಅದೆ!" ಎಂದು ಸಿಸ್ಟರಮ್ಮ ಗದರಿದರು. "ಕಣ್ ಬುಡಕಾಗ್ತಿಲ್ಲ, ಅಷ್ಟೇಯ. ಕಿವಿ ನೆಟ್ಟಗದೆ. ಸತ್ತೋರಿಗೆ ಅತ್ತಂಗೆ ಅಳ್ತಿದ್ರೆ ಎಷ್ಟು ಎದರ್ಕತಾಳೆ? ಒಳ್ಳೇದು ಮಾತಾಡಿ."

ಅತ್ತೆ ತಬ್ಬಿಬ್ಬಾದರು. ಸೊಸೆಯ ಜೊತೆ ಒಳ್ಳೆಯ ಮಾತು ಆಡಿ ಅಭ್ಯಾಸವಿರಲಿಲ್ಲವೋ ಏನೋ. ಬಲೂನು ಒತ್ತುತ್ತ, ಯೋಚಿಸಿ, ಕಡೆಗೆ, "ಮೇಕೆ ಮರಿ ಕಟ್ಟಾಕಿವ್ನಿ ಕಣವ್ವಾ" ಎಂದರು. ಮತ್ತೆ ಒತ್ತಿದರು. "ನೀ ಎದ್ದು ಬಾ. ನಾಳಿಂದ ಒಲೆ ನಾನೇ ಅಚ್ತೀನಿ. ನೀನು ಮಲಿಕ್ಕಂಡಿರು."

ಹೀಗೆ ಬರುತ್ತಿರುವಾಗ ಒಂದು ತಿರುವಿನಲ್ಲಿ ಎದೆ ಏಳುವುದು ನಿಂತುಹೋಯಿತು. ಅತ್ತೆ ಒತ್ತುತ್ತಿದ್ದಾರೆ, ಬಲೂನು ಗಟ್ಟಿಯಾಗಿದೆ, ಗಾಳಿ ಹೋಗುತ್ತಿಲ್ಲ. ಇನ್ನೂ ಜೋರಾಗಿ ಒತ್ತಿ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ.

"ಒತ್ಬ್ಯಾಡಿ! ದಾರಿ ಮೊದ್ಲು!" ಸಿಸ್ಟರಮ್ಮ ಕೂಗಿದರು. "ಡ್ರೈವರಣ್ಣ, ಪಕ್ಕಕ್ಕೆ ಆಕು ಗಾಡೀನ. ಓಡೋದು ಆಮೇಲೆ."

ಗಾಡಿ ನಿಂತಿತು. ನಾನು ಮಾಸ್ಕ್ ತೆಗೆದೆ, ಅವರು ಬಾಯಿಯನ್ನೆಲ್ಲ ಒಂದು ಸಲ ಚೊಕ್ಕ ಮಾಡಿದರು. ಮಾಸ್ಕ್ ಮತ್ತೆ ಇಟ್ಟೆ. ಎದೆ ಏಳಲಿಲ್ಲ. ಅವರು ನನ್ನ ಕೈ ನೋಡಿದರು.

"ಕಿರುಬೆರಳು, ಅಮ್ಮಿ."

ನನ್ನ ಕಿರುಬೆರಳುಗಳು ದವಡೆಯ ಮೂಲೆಯಿಂದ ಜಾರಿದ್ದವು. ನಾನು ಮಾಸ್ಕನ್ನು ಮುಖಕ್ಕೆ ಅಮುಕುತ್ತಿದ್ದೆನೇ ಹೊರತು ಮುಖವನ್ನು ಮಾಸ್ಕಿಗೆ ಎತ್ತುತ್ತಿರಲಿಲ್ಲ. ಎರಡೂ ಕಿರುಬೆರಳನ್ನು ಕಿವಿಯ ಕೆಳಗಿನ ಮೂಳೆಗೆ ಸಿಕ್ಕಿಸಿ ದವಡೆ ಎತ್ತಿದೆ. "ಈಗ ಒತ್ತಿ" ಎಂದರು ಸಿಸ್ಟರಮ್ಮ. ಎದೆ ಎದ್ದಿತು. ಅತ್ತೆ, ನಾನು, ಸಿಸ್ಟರಮ್ಮ ಮೂವರೂ ಅಲ್ಲಿಯ ತನಕ ಉಸಿರು ಹಿಡಿದಿದ್ದೆವು ಅಂತ ಕಾಣುತ್ತದೆ, ಒಟ್ಟಿಗೆ ಬಿಟ್ಟೆವು. ಅಲ್ಲಿಂದ ಹನೂರು ದಾಟಿ ಕೊಳ್ಳೇಗಾಲ ಮುಟ್ಟುವ ತನಕ ನಾನು ಆ ಎರಡು ಬೆರಳನ್ನು ಅಲ್ಲಾಡಿಸಲಿಲ್ಲ.

ಆಸ್ಪತ್ರೆಯವರು ಅವಳ ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಹಾಕಿಕೊಂಡರು. ಅತ್ತೆ ವರಾಂಡದಲ್ಲಿ ಕುಸಿದು ಕೂತರು. ಬಲೂನು ಇಲ್ಲದಿದ್ದರೂ ಕೈ ಒತ್ತುತ್ತಲೇ, ಬಿಡುತ್ತಲೇ ಇತ್ತು. ಸಿಸ್ಟರಮ್ಮ ಗಾಡಿಯಿಂದ ಹಿತ್ತಾಳೆ ಚೊಂಬು ತಂದು ಆ ಕೈಗೆ ಕೊಟ್ಟರು. "ಈಗ ನೀವು ಕುಡೀರಿ." ಅತ್ತೆ ಗಟಗಟನೆ ಚೊಂಬು ಖಾಲಿ ಮಾಡಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಮದ್ವೆಯಾಗಿ ಬಂದಾಗಿಂದ ಒಂದಿವ್ಸಾನೂ ನಾ ಯೇಳ್ದಂಗೆ ಕೇಳ್ದೋಳಲ್ಲ ಅಮ್ಮಾ ಇವ್ಳು" ಎಂದರು. "ಇವತ್ತು ನೋಡಿ, ನಾ ಒತ್ತಿದಂಗೇ ಉಸಿರಾಡುದ್ಲು." ಹಾಗೆಂದವರೇ ಬಿಕ್ಕಿ ಬಿಕ್ಕಿ ಅತ್ತರು. ಸಿಸ್ಟರಮ್ಮ ಪಕ್ಕದಲ್ಲಿ ಕೂತು ಅವರಿಗೆ ಹುರಿಗಡಲೆ ಕೊಟ್ಟರು.

ಸೊಸೆ ಉಳಿದಳು. ನಾವು ವಾರ್ಡಿಗೆ ನೋಡಲು ಹೋದಾಗ ಮಂಚದ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದಳು. ಕೊಳವೆ ಹಾಕಿದ್ದರಿಂದ ದನಿ ಇನ್ನೂ ಒಡೆದಿತ್ತು. "ಎಲ್ಲಾ ಕೇಳ್ತಿತ್ತು ಸಿಸ್ಟರಮ್ಮ" ಎಂದಳು ನಿಧಾನವಾಗಿ, ಅತ್ತೆಯ ಕಡೆ ಕಣ್ಣು ಹೊರಳಿಸಿ. "ಒಲೆ ಅಚ್ಚೋ ಇಸ್ಯಾನೂ ಕೇಳ್ತು." ಅತ್ತೆ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದರು.

ವಾರ್ಡಿನ ನರ್ಸ್ ಕೆಲಸದ ಮಾತು ನಾನು ಮತ್ತೆ ಎತ್ತಲಿಲ್ಲ, ಸಿಸ್ಟರಮ್ಮ ಕೇಳಲೂ ಇಲ್ಲ. ಅವರು ನಿವೃತ್ತರಾದ ದಿನ ಹಾರ ಭಾಷಣ ಏನೂ ಬೇಡವೆಂದು, ಟೀ ಅಂಗಡಿಯಲ್ಲಿ ಎಲ್ಲರಿಗೂ ಟೀ ಕುಡಿಸಿದರು. "ಲೋಟ ಉಸಿರಾಡ್ತಾ ಅದಾ?" ಎಂದು ಅಂಗಡಿಯವನು ಕೇಳಿದ. ಅವತ್ತು ಅವರು ಉತ್ತರ ಕೊಡದೆ ಲೋಟವನ್ನು ನನ್ನ ಕೈಗೆ ಕೊಟ್ಟು, "ಇನ್ಮೇಲೆ ಇವಳ್ನ ಕೇಳು" ಎಂದರು. ಹೊಸದಾಗಿ ಸೇರಿದವರಿಗೆ ಈಗ ನಾನು ಕಲಿಸುತ್ತೇನೆ. ಡ್ರೈವರಣ್ಣನ ಗೊರಕೆಯೂ ಇನ್ನೂ ಸೇವೆಯಲ್ಲಿದೆ.

ನಿವೃತ್ತಿಯ ನಂತರದ ವರ್ಷಗಳನ್ನು ಅವರು ಸುಖವಾಗಿಯೇ ಕಳೆದರು. ಹಿತ್ತಲಲ್ಲಿ ಬದನೆ ಬೆಳೆದರು, ಬೀದಿಯ ಮಕ್ಕಳಿಗೆಲ್ಲ ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಬೆನ್ನು ಹೇಗೆ ಗುದ್ದಬೇಕೆಂದು ಕಲಿಸಿದರು. ಆಮೇಲೆ ಗುಣವಾಗದ ಕಾಯಿಲೆ ಹಿಡಿಯಿತು. ಆಸ್ಪತ್ರೆಯಲ್ಲಿ ಮಾಡುವುದನ್ನೆಲ್ಲ ಮಾಡಿದ ಮೇಲೆ, "ಮನೇಗ್ ಓಗಣ. ನಂಗೆ ಪೈಪು ಬ್ಯಾಡ, ಬಲೂನೂ ಬ್ಯಾಡ. ಅವು ವಾಪಸ್ ಬರೋರ್ಗೆ" ಎಂದು ಅವರೇ ಹೇಳಿದರು. ಡಾಕ್ಟರೂ ಒಪ್ಪಿದರು.

ಅಪ್ಪಾಜಿ ಫೋನು ಮಾಡಿದಾಗ ಹಗಲು. ನಾನು ಹೋದಾಗ ಸಿಸ್ಟರಮ್ಮ ಜ್ಞಾನವಿಲ್ಲದೆ ಮಲಗಿದ್ದರು. ಗೊರಕೆ ಕೇಳುತ್ತಿತ್ತು. ನಾನು ತಲೆದೆಸೆಯಲ್ಲಿ ಕೂತು, ಎರಡೂ ಕಿರುಬೆರಳನ್ನು ಅವರ ದವಡೆಗೆ ಸಿಕ್ಕಿಸಿ ಎತ್ತಿ ಹಿಡಿದೆ. ಗೊರಕೆ ನಿಂತು ಉಸಿರು ಸಲೀಸಾಯಿತು. ಅಷ್ಟೇ ನಾನು ಮಾಡಬಹುದಾಗಿದ್ದದ್ದು, ಅಷ್ಟನ್ನೇ ಮಾಡುತ್ತ ಕೂತೆ. ನನಗೆ ದುಃಖವಾಗುತ್ತಿತ್ತು. ಆದರೆ ಅವರ ಮುಖ ನನ್ನ ಕೈಯಲ್ಲಿದೆ ಅನ್ನುವುದು ಎಷ್ಟೋ ಸಮಾಧಾನವಾಗಿತ್ತು. ಉಸಿರು ಉಸಿರಿನ ನಡುವೆ ಅಂತರ ಹೆಚ್ಚುತ್ತ ಬಂತು.

ತಲೆಯೆತ್ತಿದರೆ ಅಪ್ಪಾಜಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಚೊಂಬು, ಅದರಲ್ಲಿ ತುಳಸಿ ಎಲೆ. ಹೊಸ್ತಿಲು ದಾಟಿರಲಿಲ್ಲ. ಬದುಕಿಡೀ ಬೈಸಿಕೊಂಡ ಆ ಮನುಷ್ಯ ನನ್ನ ಮುಖ ನೋಡಿ ಕೇಳಿದರು:

"ಈಗ ಬುಡಬೌದಾ, ಅಮ್ಮಿ?"

ತಲೆಯಾಡಿಸಿದೆ. ಅವರು ಬಂದು ಕೂತರು. ನಾನು ಸಿಸ್ಟರಮ್ಮನ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಹಿಡಿದೆ. "ಒಂದೇ ತೊಟ್ಟು ಅಪ್ಪಾಜಿ, ಎಲೇಲಿ ಬುಡಿ" ಎಂದೆ. ಅವರು ತುಳಸಿ ಎಲೆಯನ್ನು ಅದ್ದಿ ತುಟಿಯ ಮೇಲೆ ಹಿಡಿದರು. ಒಂದೇ ತೊಟ್ಟು ಬಿಟ್ಟರು. ಅದು ಕೆಳದುಟಿಯನ್ನು ಒದ್ದೆ ಮಾಡಿ ಕೆನ್ನೆಯಿಂದ ದಿಂಬಿಗೆ ಇಳಿಯಿತು. ಸಿಸ್ಟರಮ್ಮ ಕೆಮ್ಮಲಿಲ್ಲ. ಒಂದು ಸಲ ಉಸಿರು ಎಳೆದುಕೊಂಡರು, ಬಿಟ್ಟರು, ಮತ್ತೆ ಎಳೆದುಕೊಳ್ಳಲಿಲ್ಲ.

ಬಹಳ ಹೊತ್ತಿನ ಮೇಲೆ ನಾನು ಅವರ ದವಡೆ ಬಿಟ್ಟು ಎದ್ದೆ. ಅಡುಗೆ ಮನೆಗೆ ಹೋಗಿ ಇನ್ನೊಂದು ಚೊಂಬಿನಲ್ಲಿ ನೀರು ತಂದು ಅಪ್ಪಾಜಿಯ ಕೈಗೆ ಕೊಟ್ಟೆ.

"ಈಗ ನೀವು ಕುಡೀರಿ" ಎಂದೆ.